ಹೊರಸಂಚಾರ ಪತ್ರಿಕೆ ಮತ್ತು ಅದರ ಓದುಗರು: ಕಲಬುರಗಿ, ಕಮಲಾಪುರ

ನಡಿಗೆ, ಚಾರಣ, ಹಕ್ಕಿ ನೋಡುವುದು, ಸೈಕಲ್ ಸವಾರಿ, ಹೊಲದೂಟ ಮೊದಲಾದ ಮನೆಯಾಚೆಯ ವಿಹಾರಗಳಿಗೆ ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕೆಂದು ತಿಳಿಸುವ ನಿಯತಕಾಲಿಕವೇ ಹೊರಸಂಚಾರ ಪತ್ರಿಕೆ. ಅಮೆರಿಕದ ಸಿಯೆರಾ ಕ್ಲಬ್ 1893ರಲ್ಲಿ ತನ್ನ ಬುಲೆಟಿನ್ ಆರಂಭಿಸಿತು. ಅದೇ ದೇಶದಲ್ಲಿ 1973ರಲ್ಲಿ ‘ಬ್ಯಾಕ್‌ಪ್ಯಾಕರ್’ ಬಂತು. ನೆರೆಯ ಮಲಯಾಳದಲ್ಲಿ ‘ಮಾತೃಭೂಮಿ ಯಾತ್ರಾ’ ಇದೆ. ಕನ್ನಡದಲ್ಲಿ ಈ ಹೊಣೆಯನ್ನು ಹೆಚ್ಚಾಗಿ ‘ಕಸ್ತೂರಿ’ (1956), ‘ಸುಧಾ’ (1965), ‘ತರಂಗ’ (1983) ಮುಂತಾದ ಸಾಮಾನ್ಯ ಓದಿನ ಪತ್ರಿಕೆಗಳ ಪ್ರವಾಸ ಪುಟಗಳು ಹೊತ್ತವು. ಆ ಪುಟಗಳಲ್ಲಿ ಪಶ್ಚಿಮಘಟ್ಟ, ಜಲಪಾತ, ಮಳೆಗಾಡುಗಳದೇ ಮೇಲುಗೈ. ಅವನ್ನು ಓದಿದ ಬಯಲುಸೀಮೆಯವರು ದೂರದೂರಿಗೆ ಟಿಕೆಟ್ ತೆಗೆಸಬಹುದು. ತಮ್ಮೂರಿನ ಹೊಲದ ಕಡೆ ಹೊರಳುವುದು ಕಡಿಮೆ. ಕಲಬುರಗಿ ನಗರ ಮತ್ತು ಕಮಲಾಪುರದ ಸೀಮೆಯಲ್ಲಿ ಜನರನ್ನು ನಿಜವಾಗಿ ಮನೆಯಿಂದ ಹೊರಡಿಸುವ ಮುದ್ರಿತ ಹಾಳೆ ಬೇರೆಯೇ ಇದೆ. ಅದು ಗೋಡೆಯ ಮೇಲಿನ ಕ್ಯಾಲೆಂಡರ್, ಅದರ ಹಿಂದಿರುವ ಪಂಚಾಂಗ. ಈ ಸೀಮೆಯ ಹೊರಸಂಚಾರದ ಓದುಗ ಸಮುದಾಯವನ್ನು ಅಲ್ಲಿಂದಲೇ ಗುರುತಿಸಬೇಕೆಂಬುದು ಈ ಲೇಖನದ ನಿಲುವು.

ಇದಕ್ಕೆ ಮೊದಲ ಸಾಕ್ಷಿ ನೆಲವೇ. ಮಲೆನಾಡಿನ ಬರಹಗಳಲ್ಲಿ ಮಳೆಗಾಲವೇ ವಿಹಾರದ ಹಂಗಾಮು. ಇಲ್ಲಿಯ ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಮಳೆ ಬಿದ್ದರೆ ಹೆಜ್ಜೆಗೊಂದು ಹೆಂಟೆಯಾಗಿ ಕಾಲಿಗೆ ಮೆತ್ತುತ್ತದೆ. ಬಂಡಿಯ ಗಾಲಿಯೂ ಹೂಳುತ್ತದೆ. ಬೇಸಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತದೆ, ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಾಡಿಕೆ. ಹೀಗಾಗಿ ಹೊರಗೆ ತಿರುಗಲು ಸಿಗುವ ಕಾಲ ದೀಪಾವಳಿಯಿಂದ ಯುಗಾದಿಯವರೆಗಿನ ಅವಧಿ. ಆಗ ಹಿಂಗಾರಿ ಜೋಳ ಎದೆಯೆತ್ತರ ಬೆಳೆದಿರುತ್ತದೆ, ಕಡಲೆ ಕಾಯಿ ಕಟ್ಟುತ್ತದೆ, ತೊಗರಿ ಕೊಯ್ಲಿಗೆ ಬರುತ್ತದೆ. ಈ ಸೀಮೆ ಬರೀ ಸಪಾಟು ಬಯಲೆಂದು ತಿಳಿದರೂ ತಪ್ಪಾಗುತ್ತದೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರದ ಸುತ್ತ ನೆಲ ಏರಿಳಿಯುತ್ತದೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಮರಗುತ್ತಿಯ ಬಳಿ ಸುರಂಗ ಕೊರೆಯಬೇಕಾಯಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಈ ಕಣಿವೆ, ಇಳಿಜಾರುಗಳಲ್ಲೇ.

ಈ ಕಾಲದ ಲೆಕ್ಕವನ್ನು ಮನೆಮನೆಗೆ ತಲುಪಿಸುವುದು ಕ್ಯಾಲೆಂಡರ್. ಉತ್ತರ ಕರ್ನಾಟಕದಲ್ಲಿ ಗದಗಿನ ಬಿ.ಜಿ. ಸಂಕೇಶ್ವರ ಮತ್ತು ಶಾಬಾದಿಮಠದ ಪ್ರಕಟಣೆಗಳು ಬಹುಕಾಲದಿಂದ ಪರಿಚಿತ. ಅವುಗಳ ದಿನದ ಚೌಕಗಳಲ್ಲಿ ಹುಣ್ಣಿಮೆ–ಅಮಾವಾಸ್ಯೆ, ಜಾತ್ರೆ, ಮಳೆ ನಕ್ಷತ್ರ ಇರುತ್ತವೆ. ಹೋಳಿ ಹುಣ್ಣಿಮೆಯ ಬೆನ್ನಿಗೇ ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆ, ಮಾರ್ಗಶಿರದ ಹುಣ್ಣಿಮೆಗೆ ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ದತ್ತ ಜಯಂತಿ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ಉರುಸು ಹಿಜ್ರಿ ತಿಂಗಳನ್ನು ಅನುಸರಿಸುವುದರಿಂದ ಪ್ರತಿವರ್ಷ ಹತ್ತು–ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಆದ್ದರಿಂದ ಅದರ ದಿನವನ್ನು ವರ್ಷ ವರ್ಷವೂ ನೋಡಿ ತಿಳಿಯಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಎಳ್ಳ ಅಮಾವಾಸ್ಯೆ. ಮಾರ್ಗಶಿರ ಮಾಸದ ಕೊನೆಗೆ, ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ದಿನ ಕಲಬುರಗಿ, ಬೀದರ್ ಜಿಲ್ಲೆಗಳ ಓಣಿಗಳು ಬರಿದಾಗುತ್ತವೆ. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಅಂಬಲಿ, ಹಸಿ ಕಾಳು–ಸೊಪ್ಪು–ಕಾಯಿಪಲ್ಲೆಗಳನ್ನೆಲ್ಲ ಒಟ್ಟಿಗೆ ಬೇಯಿಸಿದ ಭಜ್ಜಿ ಬುತ್ತಿಯಲ್ಲಿ ತುಂಬಿಕೊಳ್ಳುತ್ತವೆ. ಬಂಡಿ, ಟ್ರ್ಯಾಕ್ಟರ್, ಆಟೊ, ಸಿಕ್ಕಿದ್ದರಲ್ಲಿ ಮನೆಮಂದಿ ಹೊಲ ಸೇರುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆಯ ನಡುವೆ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಸಾಲಾಗಿ ಕೂತು ಉಣ್ಣುತ್ತಾರೆ. ಹೊಲವಿಲ್ಲದ ನಗರದವರನ್ನು ಹೊಲವಿದ್ದವರು ಕರೆಯುತ್ತಾರೆ. ಕರೆಯುವವರು ಸಿಗದಿದ್ದರೆ ಬುತ್ತಿ ಉದ್ಯಾನಕ್ಕೆ ಹೋಗುತ್ತದೆ. ಮುಂದಿನ ವಾರಗಳಲ್ಲಿ ಕಡಲೆಯ ಸುಲಗಾಯಿ, ಹಸಿ ಜೋಳದ ತೆನೆ ಸುಟ್ಟು ಉಜ್ಜಿದ ಸೀತನಿಯ ನೆಪದಲ್ಲಿ ಮತ್ತೆ ಹೊಲದ ದಾರಿ ಹಿಡಿಯುತ್ತಾರೆ. ಯಾವ ಚಾರಣ ಸಂಘದ ಕರೆಗೂ ಇಷ್ಟು ಜನ ಒಂದೇ ದಿನ ಬಯಲಿಗೆ ಬರಲಾರರು.

ಇದು ವ್ರತಾಚರಣೆ, ವಿಹಾರವೆಂದು ಕರೆಯುವುದು ಸರಿಯಲ್ಲ ಎಂಬ ಆಕ್ಷೇಪ ಸಹಜ. ಆದರೆ ಪೂಜೆ ಮುಗಿಯಲು ಅರ್ಧ ಗಂಟೆ ಸಾಕು. ಉಳಿದ ಹಗಲೆಲ್ಲ ಊಟ, ಹರಟೆ, ಮಕ್ಕಳ ಆಟ, ಬೆಳೆ ನೋಡುತ್ತ ಬದುವಿನ ಮೇಲೆ ಅಡ್ಡಾಡುವುದರಲ್ಲಿ ಕಳೆಯುತ್ತದೆ. ಭಕ್ತಿ–ವಿಹಾರಗಳನ್ನು ಬೇರೆಬೇರೆ ಕಪಾಟಿನಲ್ಲಿ ಇಡುವ ಅಭ್ಯಾಸ ಈ ಸೀಮೆಯದಲ್ಲ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಆ ಬುತ್ತಿ ಕಟ್ಟಲು ಹೆಂಗಸರು ಹಿಂದಿನ ರಾತ್ರಿಯಿಂದ ದುಡಿದಿರುತ್ತಾರೆ. ಕೂಲಿಯವರಿಗೆ ಹೊಲವೆಂಬುದು ವರ್ಷವಿಡೀ ಬೆವರಿನ ಜಾಗ. ಎಲ್ಲರ ವಿಹಾರವೆಂದು ಸಾರುವ ಮುನ್ನ ಈ ಮಾತನ್ನು ಒಪ್ಪಲೇಬೇಕು. ಒಪ್ಪಿದರೂ ನಿಲುವು ಬಿದ್ದುಹೋಗುವುದಿಲ್ಲ. ದುಡಿಯುವ ನೆಲಕ್ಕೇ ಒಂದು ದಿನ ಉಣ್ಣಲು, ಕೂರಲು ಹೋಗುವ ಪದ್ಧತಿ, ಬಿಡುವೆಂದರೆ ಉಳ್ಳವರ ಪ್ರವಾಸ ಮಾತ್ರ ಎಂಬ ಎಣಿಕೆಗೆ ಎದುರಾಗಿ ನಿಲ್ಲುತ್ತದೆ.

ಕ್ಯಾಲೆಂಡರಿಗೆ ಓದುಗರ ಓಲೆ ಇಲ್ಲ, ಚರ್ಚೆ ಇಲ್ಲ, ಅದು ಪತ್ರಿಕೆ ಹೇಗಾದೀತು ಎಂದೂ ಕೇಳಬಹುದು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು, ಮಳೆ ಬಿದ್ದ ದಿನ, ಬಿತ್ತಿದ ದಿನಗಳನ್ನು ಅದರ ಮೇಲೆ ಗುರುತು ಹಾಕಿಕೊಳ್ಳುವ ಮನೆಗಳು ಬೇಕಾದಷ್ಟಿವೆ. ಇಷ್ಟರ ಮಟ್ಟಿಗೆ ಓದುಗನೂ ಅದರಲ್ಲಿ ಬರೆಯುತ್ತಾನೆ. ಆದರೆ ಆ ಬರಹ ಗೋಡೆ ದಾಟುವುದಿಲ್ಲ, ವರ್ಷ ಮುಗಿದರೆ ರದ್ದಿಗೆ ಸೇರುತ್ತದೆ. ಕ್ಯಾಲೆಂಡರ್ ದಿನವನ್ನು ಹೇಳುತ್ತದೆ, ಜಾಗವನ್ನು ಹೇಳುವುದಿಲ್ಲ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ 134.88 ಚದರ ಕಿಲೋಮೀಟರಿನ ಚಿಂಚೋಳಿ ಕಾಡು ಇದೇ ಜಿಲ್ಲೆಯಲ್ಲಿದೆ, ಒಳಗೆ ಚಂದ್ರಂಪಳ್ಳಿ ಜಲಾಶಯವಿದೆ. ಅಲ್ಲಿಯ ದಾರಿ, ನೀರು, ನಿಯಮ ಯಾವುದೂ ಕ್ಯಾಲೆಂಡರಿನಲ್ಲಿ ಸಿಗದು. ಸ್ಥಳೀಯ ಪತ್ರಿಕೆಗೆ ನಿಜವಾದ ಕೆಲಸ ಇರುವುದು ಈ ಕೊರತೆಯ ಕಡೆ.

ಸಣ್ಣ ಸೀಮೆಯ, ಒಂದೇ ವಿಷಯದ ಪತ್ರಿಕೆಯನ್ನು ಓದುವವರು ಯಾರು ಎಂಬ ಶಂಕೆಗೆ ಕನ್ನಡದಲ್ಲೇ ಉತ್ತರವಿದೆ. ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’, ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬರೆಯುವವರೂ ಓದುವವರೂ ಒಂದೇ ಬಗೆಯ ತೋಟದವರಾದ್ದರಿಂದ ಅಲ್ಲಿ ಅನುಭವ ಒಬ್ಬರಿಂದ ಇನ್ನೊಬ್ಬರಿಗೆ ಹರಿಯಿತು. ಕಲಬುರಗಿ–ಕಮಲಾಪುರಗಳ ಹೊರಸಂಚಾರ ಪತ್ರಿಕೆಗೂ ಹೊಂದುವ ಮಾದರಿ ಇದೇ, ದೂರದ ಬೆಟ್ಟಗಳ ಬಣ್ಣದ ಚಿತ್ರಗಳಲ್ಲ. ಅದರ ಮಾರ್ಗಶಿರದ ಸಂಚಿಕೆಯಲ್ಲಿ ಬೆಣ್ಣೆತೊರೆ, ಗಂಡೋರಿ ನಾಲಾ ಜಲಾಶಯಗಳಿಗೆ ಚಳಿಗಾಲದಲ್ಲಿ ಯಾವ ಹಕ್ಕಿ ಬಂತೆಂದು ದಂಡೆಯ ಊರಿನವರು ಬರೆಯಬಹುದು. ಎಳ್ಳ ಅಮಾವಾಸ್ಯೆಗೆ ನಗರದವರನ್ನು ಕರೆಯಲು ಒಪ್ಪಿದ ಹೊಲಗಳ ದಾರಿ, ನೆರಳು, ಬಾವಿಗಳ ವಿವರ ಹಾಕಬಹುದು. ಉಂಡ ಎಲೆ, ಪ್ಲಾಸ್ಟಿಕ್ ಬಾಟಲಿಗಳನ್ನು ಬದುವಿನ ಮೇಲೆ ಬಿಟ್ಟುಹೋಗುವವರ ಬಗ್ಗೆ ಹೊಲದ ಒಡೆಯರ ದೂರನ್ನು ಮೊದಲ ಪುಟದಲ್ಲೇ ಅಚ್ಚು ಹಾಕಬಹುದು.