ಮೆದುಳು, ಲೋಳೆಪಿಂಡ ಮತ್ತು ಕಾರಾಪುರದ ಸಾಬು: ಪರಮಾಣು ಯುಗದ ಚಲನಚಿತ್ರಗಳಲ್ಲಿ ಕಾಡು

1945ರ ಆಗಸ್ಟ್‌ನಲ್ಲಿ ಹಿರೋಷಿಮಾ ಮತ್ತು ನಾಗಸಾಕಿಗಳ ಮೇಲೆ ಬಿದ್ದ ಅಣುಬಾಂಬುಗಳು ವಿಜ್ಞಾನದ ಬಗೆಗಿನ ಜನರ ನಂಬಿಕೆಯನ್ನು ಕದಡಿದವು. ಮುಂದಿನ ಹದಿನೈದು ವರ್ಷಗಳಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಕಡಿಮೆ ವೆಚ್ಚದಲ್ಲಿ ತಯಾರಾದ ಅನೇಕ ವೈಜ್ಞಾನಿಕ ಕಲ್ಪನಾ ಚಿತ್ರಗಳು ಈ ಕಳವಳಕ್ಕೆ ರೂಪ ನೀಡಿದವು. ಅವುಗಳ ವಿಕಾರ ಜೀವಿಗಳಲ್ಲಿ ಎರಡು ಬಗೆಗಳು ಗಮನಾರ್ಹವಾಗಿವೆ: ಒಡಲಿಲ್ಲದ ಮೆದುಳು ಮತ್ತು ಮೆದುಳಿಲ್ಲದ ಒಡಲು. ಈ ಚಿತ್ರಪರಂಪರೆಯ ಅಂಚಿನಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ ಜನಿಸಿದ ನಟ ಸಾಬು ಅವರೂ ಕಾಣಿಸಿಕೊಳ್ಳುತ್ತಾರೆ.

ಮೊದಲ ಬಗೆಗೆ 1953ರ 'ಡೊನೊವನ್ಸ್ ಬ್ರೈನ್' ಉತ್ತಮ ನಿದರ್ಶನ. ಕರ್ಟ್ ಸಿಯೋಡ್‌ಮಾಕ್ ಅವರ 1942ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ಪ್ರಯೋಗಾಲಯದಲ್ಲಿ ಜೀವಂತವಾಗಿರಿಸಲ್ಪಟ್ಟ ಸತ್ತ ಧನಿಕನೊಬ್ಬನ ಮೆದುಳು ವಿಜ್ಞಾನಿಯನ್ನೇ ವಶಪಡಿಸಿಕೊಳ್ಳುತ್ತದೆ. 1958ರ 'ಫೀಂಡ್ ವಿತೌಟ್ ಎ ಫೇಸ್' ಚಿತ್ರದಲ್ಲಿ ಮನುಷ್ಯನ ಆಲೋಚನೆಯೇ ಪರಮಾಣು ಶಕ್ತಿಯನ್ನು ಹೀರಿ, ಬೆನ್ನುಹುರಿಯನ್ನು ಬಾಲದಂತೆ ಎಳೆದುಕೊಂಡು ತೆವಳುವ ಮೆದುಳುಗಳಾಗುತ್ತದೆ. ಅದೇ ವರ್ಷದ 'ದಿ ಬ್ಲಾಬ್' ಎರಡನೆಯ ಬಗೆಗೆ ಸೇರಿದುದು. ಉಲ್ಕೆಯೊಡನೆ ಭೂಮಿಗೆ ಬಿದ್ದ ಲೋಳೆಪಿಂಡವು ಸಿಕ್ಕವರನ್ನೆಲ್ಲ ನುಂಗುತ್ತ ಬೆಳೆಯುತ್ತದೆ; ಅದಕ್ಕೆ ಉದ್ದೇಶವಿಲ್ಲ, ಹಸಿವೊಂದೇ ಇದೆ. ಚಿತ್ರೀಕರಣದಲ್ಲಿ ಅದು ಬಣ್ಣ ಬೆರೆಸಿದ ಸಿಲಿಕೋನ್ ಮಾತ್ರವಾಗಿತ್ತು. ಕರುಣೆಯಿಲ್ಲದ ಅರಿವು ಮತ್ತು ಅರಿವಿಲ್ಲದ ಹಸಿವು ಎಂಬ ಈ ಎರಡು ಭಯಗಳಿಗೂ ಮೂಲ ಒಂದೇ: ತಿಳಿವಳಿಕೆಯು ದೇಹದಿಂದ ಬೇರ್ಪಟ್ಟಿದೆಯೆಂಬ ಆತಂಕ.

ಸಾಬು ಅವರ ಚಿತ್ರಜೀವನ ಇದಕ್ಕೆ ವಿರುದ್ಧವಾದ ನೆಲೆಯಿಂದ ಆರಂಭವಾಯಿತು. 1924ರಲ್ಲಿ ಜನಿಸಿದ ಅವರು ಮಾವುತನ ಮಗ. ರಾಬರ್ಟ್ ಫ್ಲಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ನಿರ್ದೇಶನದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿ ಪ್ರಶಸ್ತಿ ಪಡೆಯಿತು. ಅದರ ಒಳಾಂಗಣ ದೃಶ್ಯಗಳು ಇಂಗ್ಲೆಂಡಿನಲ್ಲಿ ಚಿತ್ರಿತವಾದರೂ ಹೊರಾಂಗಣ ದೃಶ್ಯಗಳು ಮೈಸೂರು ಸಂಸ್ಥಾನದಲ್ಲೇ ಚಿತ್ರಿತವಾದವು. ಕಾಲ್ಬೆರಳಿನ ಒತ್ತು, ದನಿಯ ಏರಿಳಿತ, ಮೈಯ ತೂಕ ಇವುಗಳಲ್ಲಿ ನೆಲೆಸಿದ ಮಾವುತವಿದ್ಯೆಯು ದೇಹದಿಂದ ಬೇರ್ಪಡಿಸಲಾಗದ ತಿಳಿವಳಿಕೆ. ಬಾಲಕನ ಅಭಿನಯದ ಬಲವೂ ಅದೇ ಆಗಿತ್ತು.

ಬಳಿಕ ಅಮೆರಿಕದಲ್ಲಿ ನೆಲೆಸಿ 1944ರಲ್ಲಿ ಅಲ್ಲಿನ ಪೌರತ್ವ ಪಡೆದ ಸಾಬು, ಯುದ್ಧಕಾಲದಲ್ಲಿ ಬಾಂಬರ್ ವಿಮಾನದ ಬಂದೂಕುಗಾರರಾಗಿಯೂ ಸೇವೆ ಸಲ್ಲಿಸಿದರು. ಯುದ್ಧಾನಂತರ ಅವರಿಗೆ ಕಾಡಿನ ಹುಡುಗನ ಪಾತ್ರದಿಂದ ಬಿಡುಗಡೆ ದೊರೆಯುವುದು ಕಷ್ಟವಾಯಿತು. 1956ರ 'ಜಂಗಲ್ ಹೆಲ್' ಚಿತ್ರದಲ್ಲಿ ಕಾಡಿನ ಮೇಲೆ ಹಾರುವ ತಟ್ಟೆ ಕಾಣಿಸಿಕೊಳ್ಳುತ್ತದೆ; ಮುಟ್ಟಿದವರನ್ನು ಸುಡುವ ವಿಕಿರಣಯುಕ್ತ ಕಲ್ಲು ದೊರೆಯುತ್ತದೆ. ಆದರೆ 'ದಿ ಬ್ಲಾಬ್'ನ ಉಲ್ಕೆಯಂತೆ ಈ ಕಲ್ಲು ಯಾವ ಜೀವಿಯನ್ನೂ ಹೊರತರುವುದಿಲ್ಲ. ಚಿತ್ರದ ಬಹುಭಾಗವನ್ನು ಸಂಗ್ರಹದ ಹಳೆಯ ದೃಶ್ಯತುಣುಕುಗಳಿಂದ ಹೊಲಿಯಲಾಗಿದೆ.

ಕಲಾದೃಷ್ಟಿಯಿಂದ 'ಜಂಗಲ್ ಹೆಲ್' ದುರ್ಬಲ ಕೃತಿ. ಆದರೂ ಇತಿಹಾಸಕಾರನಿಗೆ ಅದು ಉಪೇಕ್ಷಣೀಯವಲ್ಲ. 1937ರಲ್ಲಿ ಒಂದು ನಿರ್ದಿಷ್ಟ ಸೀಮೆಯಾಗಿದ್ದ ಕಾಡು, ಹತ್ತೊಂಬತ್ತು ವರ್ಷಗಳಲ್ಲಿ ಹೆಸರಿಲ್ಲದ ಹಿನ್ನೆಲೆಯಾಯಿತು. ಕಾಡನ್ನು ಬಲ್ಲವನೆಂದು ಪ್ರಸಿದ್ಧನಾದ ನಟನೂ ಆ ಹಿನ್ನೆಲೆಯ ಒಂದು ಭಾಗವಾದನು. ಲೋಳೆಪಿಂಡವಾಗಲಿ ಮೆದುಳಾಗಲಿ ತೆರೆಯ ಮೇಲೆ ಬಾರದಿದ್ದರೂ, ಅವುಗಳು ಸೂಚಿಸಿದ ಬೇರ್ಪಡೆ ಇಲ್ಲಿ ಬೇರೊಂದು ರೀತಿಯಲ್ಲಿ ನಡೆದಿದೆ: ನೆಲದಿಂದ ನೆಲದ ಅರಿವು ಕಳಚಿಬಿದ್ದಿದೆ.

ಸಾಬು 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. 1971ರ ಖೆಡ್ಡಾ ಕಾಕನಕೋಟೆಯ ಕೊನೆಯದಾಯಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಆ ಅರಣ್ಯದ ಒಂದು ಭಾಗ ಮುಳುಗಿತು. ಹೀಗಾಗಿ ಸಾಬು ಅವರ ಮೊದಲ ಚಿತ್ರವು ಮೈಸೂರಿನ ಕಾಡು ಮತ್ತು ಮಾವುತವಿದ್ಯೆಗಳ ದಾಖಲೆಯಾಗಿಯೂ, 'ಜಂಗಲ್ ಹೆಲ್' ಆ ದಾಖಲೆ ಮಾಸಿಹೋದ ಬಗೆಗೆ ಸಾಕ್ಷಿಯಾಗಿಯೂ ಉಳಿದಿವೆ. ಈ ಪ್ರದೇಶದ ಚಲನಚಿತ್ರ ಚರಿತ್ರೆಯಲ್ಲಿ ಇವೆರಡನ್ನೂ ಜೊತೆಯಾಗಿ ಪರಿಶೀಲಿಸುವುದು ಅಗತ್ಯ.