ಉಂಗುರವೂ ಸಹಿಯೂ

ಹಿಂಗಣಾಕ್ಕೆ ಸಮೀಪದ ಮಿಹಾನ್‌ನಲ್ಲಿ, ಬೋಯಿಂಗ್ ಕಂಪನಿಯು ಏರ್ ಇಂಡಿಯಾಕ್ಕಾಗಿ ಕಟ್ಟಿಸಿಕೊಟ್ಟ ವಿಮಾನ ದುರಸ್ತಿ ಕೇಂದ್ರವಿದೆ. ಕನ್ನಡ ನಾಡಿಗೆ ಈ ಕಸುಬು ಹಳೆಯದು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಲ್ಲಿ, ಮಹಾಯುದ್ಧದ ಕಾಲಕ್ಕೆ ಅಮೆರಿಕದ ಯುದ್ಧವಿಮಾನಗಳು ದುರಸ್ತಿಯಾಗುತ್ತಿದ್ದವು. ತಪಾಸಣೆಯೇ ಈ ಕಸುಬಿನ ಜೀವಾಳ. ಅದು ತಪ್ಪಿದರೆ ಏನಾದೀತೆಂಬುದನ್ನು ಅಮೆರಿಕದ್ದೇ ಒಂದು ಪ್ರಸಂಗ ತೋರಿಸುತ್ತದೆ.

1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನವೊಂದು 172 ಜನರನ್ನು ಹೊತ್ತು ಮಯಾಮಿಯಿಂದ ನಸ್ಸಾವಿಗೆ ಹೊರಟಿತು. ತೈಲದಲ್ಲಿನ ಲೋಹದ ಚೂರುಗಳನ್ನು ಪತ್ತೆಹಚ್ಚುವ ಬಿಡಿಭಾಗವನ್ನು ಆ ರಾತ್ರಿ ಮೂರೂ ಎಂಜಿನುಗಳಲ್ಲಿ ಬದಲಿಸಲಾಗಿತ್ತು. ಸೋರಿಕೆ ತಡೆಯುವ ರಬ್ಬರ್ ಉಂಗುರಗಳನ್ನು ಮಾತ್ರ ತೊಡಿಸಿರಲಿಲ್ಲ. ತೈಲ ಸೋರಿತು. ಒಂದು ಎಂಜಿನನ್ನು ಚಾಲಕರೇ ನಿಲ್ಲಿಸಿದರು. ಉಳಿದೆರಡು ತಾವಾಗಿ ನಿಂತವು. ಸಮುದ್ರದ ಮೇಲೆ ಸುಮಾರು 4,000 ಅಡಿಗೆ ಕುಸಿದಾಗ ಮೊದಲನೆಯದು ಮರಳಿ ಚಾಲನೆಗೊಂಡಿತು. ಎಲ್ಲರೂ ಬದುಕಿದರು.

ಆ ಕೆಲಸವನ್ನು ಮಾಡಿದವರು ಇಬ್ಬರು. ಎಂದಿನಂತೆ ಉಂಗುರ ಸಮೇತವೇ ಬಂದಿದೆಯೆಂದು ಇಬ್ಬರೂ ನಂಬಿದ್ದರು. ನೋಡದೆಯೇ ಕಾರ್ಯಪತ್ರಕ್ಕೆ ಸಹಿ ಹಾಕಿದ್ದರು. ಕೈಗಳು ಎರಡಿದ್ದರೂ ಊಹೆ ಒಂದೇ ಆಗಿದ್ದುದರಿಂದ ಒಬ್ಬರ ತಪ್ಪನ್ನು ಮತ್ತೊಬ್ಬರು ಹಿಡಿಯಲಾಗಲಿಲ್ಲ.

ಸರ್ಕಾರಿ ಕಡತಗಳಲ್ಲಿ ‘ಪರಿಶೀಲಿಸಲಾಗಿದೆ’ ಎಂದು ದಿನವೂ ಬರೆಯುವ ನನಗೆ ಈ ಇತಿಹಾಸ ಕಚೇರಿಯ ಮೇಜಿನವರೆಗೂ ಬಂದು ನಿಲ್ಲುತ್ತದೆ. ಸಹಿಗೆ ಮೊದಲು ಒಮ್ಮೆ ಕಣ್ಣಾರೆ ನೋಡಬೇಕು.