ಬರ, ಗುಳೆ ಮತ್ತು ದೀರ್ಘಕಾಲೀನ ಕಾಯಿಲೆ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕುರಿತು

ಸಾಂಕ್ರಾಮಿಕ ರೋಗಗಳು ಹಿಂದೆ ಸರಿದಂತೆ ಹೃದ್ರೋಗ, ಮಧುಮೇಹಗಳು ಮುಂದೆ ಬರುತ್ತವೆ ಎಂದು ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಅಬ್ದೆಲ್ ಒಮ್ರಾನ್ 1971ರಲ್ಲೇ ವಾದಿಸಿದರು. ಭಾರತದ ಒಟ್ಟು ಸಾವುಗಳಲ್ಲಿ ಸಾಂಕ್ರಾಮಿಕವಲ್ಲದ ಕಾಯಿಲೆಗಳ ಪಾಲು 1990ರಲ್ಲಿ ಶೇ. 37.9 ಇದ್ದದ್ದು 2016ರ ಹೊತ್ತಿಗೆ ಶೇ. 61.8ಕ್ಕೆ ಏರಿತು. ಇಷ್ಟರ ಮಟ್ಟಿಗೆ ಭಿನ್ನಾಭಿಪ್ರಾಯವಿಲ್ಲ. ಸಿರಿವಂತಿಕೆ ಕಾಣದ ನೆಲದಲ್ಲೂ ಈ ಕಾಯಿಲೆಗಳು ಇಷ್ಟು ಬಲಿತದ್ದು ಹೇಗೆ ಎಂಬುದೇ ವಿವಾದದ ಪ್ರಶ್ನೆ.

ಗರ್ಭದಲ್ಲಿ ಉಂಟಾದ ಪೋಷಣೆಯ ಕೊರತೆ ನಡುವಯಸ್ಸಿನಲ್ಲಿ ಕಾಯಿಲೆಯಾಗಿ ಹೊರಬೀಳುತ್ತದೆ ಎಂಬ ಬ್ರಿಟಿಷ್ ವೈದ್ಯ ಡೇವಿಡ್ ಬಾರ್ಕರ್ ಅವರ ವಾದವನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಅನ್ವಯಿಸುವ ಆಸೆ ಸಹಜ. 1972ರ ಬರದಲ್ಲಿ ಹುಟ್ಟಿದವರಿಗೆ ಈಗ ಐವತ್ತು ದಾಟಿದೆ. ಆದರೆ ನಮ್ಮದೇ ರಾಜ್ಯದ ಸಾಕ್ಷ್ಯ ಅಷ್ಟು ಸರಳವಾಗಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರನ್ನು ಪರೀಕ್ಷಿಸಿದಾಗ, ಕಡಿಮೆ ತೂಕದ ಕೂಸುಗಳಾಗಿದ್ದವರಲ್ಲಿ ಹೃದ್ರೋಗ ಹೆಚ್ಚಿತ್ತು. ಮಧುಮೇಹ ಮಾತ್ರ ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚು ಕಂಡಿತು. ಒಂದೇ ಆಸ್ಪತ್ರೆಯ ದಾಖಲೆ ಎರಡು ಕಾಯಿಲೆಗಳಿಗೆ ಎರಡು ದಾರಿ ತೋರಿಸಿತು. ಹೀಗಿರುವಾಗ ಬರವೊಂದನ್ನೇ ಎಲ್ಲಕ್ಕೂ ಮೂಲವೆನ್ನುವುದು ದುಡುಕು. ಮೇಲಾಗಿ ಅದು ನಗರದ ಆಸ್ಪತ್ರೆಯ ದಾಖಲೆ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಹಳ್ಳಿಗಳಲ್ಲಿ ಕೂಸನ್ನು ತೂಗಿದವರೇ ಇರಲಿಲ್ಲ.

ಕಾಯಿಲೆ ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಚಿಕಿತ್ಸೆ ಎಲ್ಲಿ ಕಡಿದುಹೋಯಿತು ಎಂಬುದನ್ನು ಮೊದಲು ಕೇಳಬೇಕು. ದಸರೆ, ದೀಪಾವಳಿಯ ಸುಮಾರಿಗೆ ಮುಕಾದಮನ (ಕೂಲಿಕಾರರನ್ನು ಒದಗಿಸುವ ಮಧ್ಯವರ್ತಿಯ) ಮುಂಗಡ ಪಡೆದ ಇಲ್ಲಿನ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಹಾದಿ ಹಿಡಿಯುತ್ತವೆ. ಇನ್ನು ಕೆಲವರು ಗೋವಾ, ಪುಣೆಗಳಿಗೆ ದುಡಿಯಲು ಹೋಗುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಬಿಪಿ ಮಾತ್ರೆ ತಿಂಗಳಿಗೆ ಮುಗಿಯುತ್ತದೆ, ಗುಳೆ ಐದಾರು ತಿಂಗಳು ನಡೆಯುತ್ತದೆ. ಗದ್ದೆಯಂಚಿನ ಜೋಪಡಿಗೆ ಆಶಾ ಕಾರ್ಯಕರ್ತೆಯ ಪಟ್ಟಿ ತಲುಪುವುದಿಲ್ಲ. ಬಿಪಿಗೆ ನೋವಿಲ್ಲವಾದ್ದರಿಂದ ಮಾತ್ರೆ ನಿಂತದ್ದು ಯಾರ ಮೈಗೂ ತಿಳಿಯುವುದಿಲ್ಲ, ಲಕ್ವಾ ಹೊಡೆಯುವವರೆಗೆ.

ಗುಳೆಯಿಂದ ಚಿಕಿತ್ಸೆ ಕಡಿದುಹೋಗುತ್ತದೆ ಎಂಬ ಈ ವಾದಕ್ಕೆ ಮಿತಿಗಳಿವೆ. ಗುಳೆ ಹೋಗದವರೂ ಮಾತ್ರೆ ಬಿಡುತ್ತಾರೆ. ತಂಬಾಕು, ಉಪ್ಪು, ದುಡಿಮೆಯ ದಣಿವುಗಳ ಪಾತ್ರವನ್ನು ಇದು ಅಲ್ಲಗಳೆಯುವುದಿಲ್ಲ. ಕಾಯಿಲೆಯ ಹುಟ್ಟನ್ನಲ್ಲ, ಅದು ಮಾರಕವಾಗುವ ಬಗೆಯನ್ನಷ್ಟೇ ಇದು ವಿವರಿಸಬಲ್ಲದು, ಬಹುಶಃ ಅದನ್ನೂ ಭಾಗಶಃ. ನಾರಾಯಣಪುರ ಎಡದಂಡೆ ಕಾಲುವೆಯ ಇಂಡಿ ಶಾಖೆಯ ನೀರು ಹರಿದು ಗುಳೆ ತಗ್ಗಿದ ಊರುಗಳನ್ನು ಇನ್ನೂ ಮಳೆಯನ್ನೇ ನಂಬಿದ ಊರುಗಳೊಂದಿಗೆ ಹೋಲಿಸಿದರೆ ಲಕ್ವಾದ ಪ್ರಮಾಣದಲ್ಲಿ ವ್ಯತ್ಯಾಸ ಕಾಣುತ್ತದೆಯೇ ಎಂಬ ಪರೀಕ್ಷೆ ಮುಂದೆ ಆಗಬೇಕಾದದ್ದು.